ಹೊರೆಯ ಲೆಕ್ಕ: ಪಾತ್ರಧಾರಣೆಯ ಆಟಗಳಲ್ಲಿ ಸಾಮಗ್ರಿ ನಿರ್ವಹಣೆ

ಕನ್ನಡದಲ್ಲಿ ‘ಹೊರೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ತಲೆಯ ಮೇಲೆ ಹೊತ್ತು ತಂದ ಕಟ್ಟಿಗೆಯ ಕಟ್ಟು ಹೊರೆ. ‘ಹೊಟ್ಟೆ ಹೊರೆಯುವುದು’ ಎನ್ನುವಾಗ ಅದೇ ಮಾತು ಪೋಷಣೆಯನ್ನು ಸೂಚಿಸುತ್ತದೆ. ಹಳಗನ್ನಡದಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ಇದ್ದುವು. ಭಾರವೆಂಬ ಅರ್ಥದ ‘ಪೊಱೆ’ ಶಕಟರೇಫವುಳ್ಳದ್ದು. ಕಾಪಾಡು, ಸಲಹು ಎಂಬ ಅರ್ಥದ ‘ಪೊರೆ’ ಸಾಮಾನ್ಯ ರೇಫವುಳ್ಳದ್ದು. ಪಕಾರವು ಹಕಾರವಾಗಿ, ಶಕಟರೇಫವು ಬಳಕೆ ತಪ್ಪಿ, ಎರಡು ಶಬ್ದಗಳೂ ಕಾಲಕ್ರಮದಲ್ಲಿ ಒಂದೇ ರೂಪವನ್ನು ತಾಳಿದುವು. ಬಂಡಿಯ ಹೆಸರನ್ನು ಹೊತ್ತ ಅಕ್ಷರವು ಭಾರವೆಂಬ ಶಬ್ದದಿಂದಲೇ ಕಳಚಿ ಬಿದ್ದುದು ಭಾಷೆಯ ವಿನೋದಗಳಲ್ಲಿ ಒಂದು. ವ್ಯಾಕರಣ ದೃಷ್ಟಿಯಿಂದ ಬೆರಸಲಾಗದ ಈ ಎರಡು ಅರ್ಥಗಳು ವಸ್ತುಸ್ಥಿತಿಯಲ್ಲಿ ಬೆರೆತೇ ಇರುತ್ತವೆ. ಪಯಣಿಗನನ್ನು ಕಾಪಾಡುವ ಬುತ್ತಿ, ಹಗ್ಗ, ಕೋಲು, ಕಂಬಳಿಗಳೇ ಅವನ ಹೆಗಲನ್ನು ನೋಯಿಸುವ ಭಾರವೂ ಆಗಿವೆ. ಈ ಸಮಸ್ಯೆಯನ್ನೇ ಒಂದು ಆಟದ ನಿಯಮವನ್ನಾಗಿ ಮಾಡಿ, ಐವತ್ತು ವರ್ಷಗಳಿಂದ ಅದರೊಡನೆ ಸೆಣಸುತ್ತ ಬಂದವರು ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಇದ್ದಾರೆ.

ಆ ಆಟದ ಸ್ವರೂಪವನ್ನು ಮೊದಲು ಸ್ಥೂಲವಾಗಿ ತಿಳಿಯುವುದು ಯುಕ್ತ. ನಾಲ್ಕಾರು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬನು ಸೂತ್ರಧಾರ. ಮಿಕ್ಕವರು ತಲೆಗೊಂದರಂತೆ ಪಾತ್ರಗಳನ್ನು ವಹಿಸುತ್ತಾರೆ: ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ. ವೇಷವಿಲ್ಲ, ರಂಗಸ್ಥಳವಿಲ್ಲ, ಮೊದಲೇ ಬರೆದಿಟ್ಟ ಸಂಭಾಷಣೆಯಿಲ್ಲ. ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ; ಪಾತ್ರಧಾರಿಯು ತಾನು ಏನು ಮಾಡುವೆನೆಂಬುದನ್ನು ಹೇಳುತ್ತಾನೆ; ಸಂದೇಹಕ್ಕೆ ಎಡೆಯಿರುವಲ್ಲಿ ದಾಳವು ತೀರ್ಮಾನ ನೀಡುತ್ತದೆ. ಕರಾವಳಿಯ ತಾಳಮದ್ದಲೆಯನ್ನು ಬಲ್ಲವರಿಗೆ, ವೇಷವಿಲ್ಲದೆ ಕುಳಿತು ಆಶುವಾಗಿ ಮಾತನಾಡುವ ಈ ಕ್ರಮವು ತೀರ ಅಪರಿಚಿತವೆನಿಸಲಾರದು. ಆದರೆ ತಾಳಮದ್ದಲೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ಸೂತ್ರಧಾರನಿಗೂ ಗೊತ್ತಿಲ್ಲ. ದಾಳಗಳೂ ಪಗಡೆಯ ದಾಳಗಳಂಥವಲ್ಲ. ೪, ೬, ೮, ೧೨, ೨೦ ಮುಖಗಳುಳ್ಳ ಬಗೆಬಗೆಯ ದಾಳಗಳು ಬಳಕೆಯಲ್ಲಿವೆ.

ಇಂಥ ಆಟಗಳಲ್ಲಿ ಮೊತ್ತಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ (೧೯೩೮–೨೦೦೮) ಮತ್ತು ಡೇವ್ ಆರ್ನೆಸನ್ (೧೯೪೭–೨೦೦೯) ಎಂಬಿಬ್ಬರು ಅದರ ಕರ್ತೃಗಳು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಸಣ್ಣ ಊರಿನಿಂದ ೧೯೭೪ರಲ್ಲಿ ಮೂರು ಪುಟ್ಟ ಪುಸ್ತಿಕೆಗಳ ಪೆಟ್ಟಿಗೆಯಾಗಿ ಅದು ಹೊರಬಂದಿತು; ಮೊದಲ ಮುದ್ರಣ ೧,೦೦೦ ಪ್ರತಿಗಳು. ಪ್ರತಿಯೊಬ್ಬ ಆಟಗಾರನ ಮುಂದೆಯೂ ಒಂದು ಹಾಳೆಯಿರುತ್ತದೆ. ಅದರಲ್ಲಿ ಅವನ ಪಾತ್ರದ ಬಲ, ಬುದ್ಧಿ ಮೊದಲಾದ ಗುಣಗಳು ಅಂಕಿಗಳಲ್ಲಿ ನಮೂದಾಗಿರುತ್ತವೆ. ಅವುಗಳ ಕೆಳಗೆ ಪಾತ್ರದ ಬಳಿ ಇರುವ ಸಾಮಗ್ರಿಗಳ ಪಟ್ಟಿ. ಪ್ರಕೃತ ವಿಚಾರಕ್ಕೆ ಈ ಪಟ್ಟಿಯೇ ವಸ್ತು.

ಆದಿಯ ಆ ಪುಸ್ತಿಕೆಗಳಲ್ಲಿಯೇ ಹೊರೆಯ ಕೋಷ್ಟಕವೊಂದಿದೆ. ಅದರ ವೈಶಿಷ್ಟ್ಯವೆಂದರೆ ತೂಕದ ಮಾನವಾಗಿ ಪೌಂಡನ್ನಾಗಲಿ ಕಿಲೋವನ್ನಾಗಲಿ ಬಳಸದೆ ಚಿನ್ನದ ನಾಣ್ಯವನ್ನೇ ಬಳಸಿರುವುದು. ತಗಡಿನ ಕವಚ ೭೫೦ ನಾಣ್ಯದ ತೂಕ, ಗುರಾಣಿ ೧೫೦, ಖಡ್ಗ ೫೦. ಹಗ್ಗ, ಮೊಳೆ, ಚೀಲ ಮೊದಲಾದ ಚಿಲ್ಲರೆ ಸಾಮಾನುಗಳನ್ನೆಲ್ಲ ಒಟ್ಟುಗೂಡಿಸಿ ೮೦ ಎಂದು ಒಂದೇ ಏಟಿಗೆ ಲೆಕ್ಕ ಮುಗಿಸಿದ್ದಾರೆ. ೭೫೦ರ ಒಳಗೆ ಹೊತ್ತವನು ಚುರುಕಾಗಿ ನಡೆಯುತ್ತಾನೆ; ೧,೦೦೦, ೧,೫೦೦ ಎಂದು ಏರಿದಂತೆ ನಡಿಗೆ ಕುಂದುತ್ತದೆ; ೩,೦೦೦ ಮೀರಿದರೆ ಹೊರಲಾಗದು. ಮುಂದಿನ ಆವೃತ್ತಿಗಳು ಹತ್ತು ನಾಣ್ಯಕ್ಕೆ ಒಂದು ಪೌಂಡು ಎಂದು ಸ್ಪಷ್ಟಪಡಿಸಿದುವು. ಹಾಗಾದರೆ ಒಂದು ನಾಣ್ಯ ೪೫ ಗ್ರಾಂ, ಎಂದರೆ ಸುಮಾರು ನಾಲ್ಕು ತೊಲ. ನಮ್ಮ ಹತ್ತು ರೂಪಾಯಿಯ ನಾಣ್ಯದ ಆರರಷ್ಟು ತೂಗುವ ಅಂಥ ನಾಣ್ಯವನ್ನು ಯಾವ ಅರಸನು ಟಂಕಿಸಿಯಾನೆಂದು ಯಾರಾದರೂ ಕೇಳಬಹುದು. ೧೯೮೯ರ ಆವೃತ್ತಿಯಲ್ಲಿ ೫೦ ನಾಣ್ಯಕ್ಕೆ ಒಂದು ಪೌಂಡು ಎಂದು ತಿದ್ದಿದರು. ತಿದ್ದುಪಡಿ ನ್ಯಾಯವಾದದ್ದೇ, ಆದರೆ ತೂಕ ಇಳಿದೊಡನೆ ಹಳೆಯ ನಿಯಮದ ತಿರುಳಿನಲ್ಲಿ ಸ್ವಲ್ಪ ಭಾಗವೂ ಇಳಿದುಹೋಯಿತು. ಅದೇಕೆಂಬುದನ್ನು ಅರಿಯಲು ಆಟದ ಒಳಗೆ ಸ್ವಲ್ಪ ದೂರ ನಡೆಯಬೇಕು.

ಆ ಕಾಲದ ಆಟದಲ್ಲಿ ಸಾಹಸಿಗರು ಹಾಳುಬಿದ್ದ ನೆಲಮಾಳಿಗೆಗಳನ್ನು ಹೊಗುತ್ತಾರೆ. ಕತ್ತಲೆಯಲ್ಲಿ ಪಂಜು ಹಿಡಿದು ನಡೆದು, ಅಲ್ಲಿರುವ ನಿಧಿಯನ್ನು ತಂದು ಬೆಳಕಿಗೆ ಬರಬೇಕು. ರಾಕ್ಷಸರನ್ನು ಕೊಂದದ್ದಕ್ಕೆ ದೊರೆಯುವ ಫಲ ಅಲ್ಪ. ಹೊರಕ್ಕೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವಾಂಕ. ಪಾತ್ರವು ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಏರುವುದು ಈ ಅಂಕಗಳ ಬಲದಿಂದ. ಆದುದರಿಂದ ನಾಣ್ಯವು ಏಕಕಾಲದಲ್ಲಿ ಮೂರು ವೇಷಗಳನ್ನು ಧರಿಸುತ್ತದೆ: ಅದು ಸಂಪತ್ತು, ಅದು ಪಾತ್ರದ ಬೆಳವಣಿಗೆ, ಮತ್ತು ಅದೇ ತೂಕದ ಕಲ್ಲು. ಲಾಭವನ್ನೂ ಭಾರವನ್ನೂ ಒಂದೇ ಮಾನದಿಂದ ಅಳೆಯುವ ಈ ಏರ್ಪಾಟು ಬುದ್ಧಿಪೂರ್ವಕವೋ ಆಕಸ್ಮಿಕವೋ, ಅಂತೂ ಬಹಳ ಸಮರ್ಪಕವಾದದ್ದು.

ಟಾಮ್ ಮೋಲ್ಡ್‌ವೇ ಪರಿಷ್ಕರಿಸಿದ ೧೯೮೧ರ ಆವೃತ್ತಿಯಲ್ಲಿ ಈ ಯಂತ್ರದ ಹಲ್ಲುಗಾಲಿಗಳು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿ ಹೊರೆಯ ವಿವರವಾದ ಲೆಕ್ಕ ಐಚ್ಛಿಕ. ಆದರೆ ಅದನ್ನು ಕೈಕೊಂಡವರಿಗೆ ಆಟವೇ ಬೇರೆ. ಹತ್ತು ನಿಮಿಷಕ್ಕೆ ಒಂದು ‘ಸರದಿ’. ೪೦೦ ನಾಣ್ಯದ ಒಳಗೆ ಹೊತ್ತವನು ಒಂದು ಸರದಿಯಲ್ಲಿ ೧೨೦ ಅಡಿ ನಡೆಯುತ್ತಾನೆ, ೬೦೦ರವರೆಗೆ ೯೦ ಅಡಿ, ೮೦೦ರವರೆಗೆ ೬೦, ೧,೬೦೦ರವರೆಗೆ ೩೦, ಅದಕ್ಕೂ ಮೀರಿದರೆ ಅಲುಗಾಡುವಂತಿಲ್ಲ. ಕತ್ತಲೆಯಲ್ಲಿ ಎಚ್ಚರಿಕೆಯಿಂದ, ನಕ್ಷೆ ಬರೆಯುತ್ತ ನಡೆಯುವ ನಡಿಗೆಯಾದುದರಿಂದ ಈ ವೇಗಗಳು ಅಷ್ಟು ಕಡಿಮೆ. ಒಂದು ಪಂಜು ಆರು ಸರದಿಗಳ ಕಾಲ, ಎಂದರೆ ಒಂದು ಗಂಟೆ ಉರಿಯುತ್ತದೆ. ಎರಡು ಸರದಿಗಳಿಗೊಮ್ಮೆ ಸೂತ್ರಧಾರನು ಆರು ಮುಖದ ದಾಳವನ್ನು ಎಸೆಯುತ್ತಾನೆ. ಒಂದು ಬಿದ್ದರೆ ಅಲೆಮಾರಿ ದೈತ್ಯವೊಂದು ಎದುರಾಗುತ್ತದೆ.

ಈಗ ಒಬ್ಬ ಯೋಧನನ್ನು ಕಲ್ಪಿಸಿಕೊಳ್ಳಬೇಕು. ಈ ಆವೃತ್ತಿಯಲ್ಲಿ ತಗಡಿನ ಕವಚ ೫೦೦, ಗುರಾಣಿ ೧೦೦, ಖಡ್ಗ ೬೦, ಚಿಲ್ಲರೆ ಸಾಮಾನು ೮೦, ಒಟ್ಟು ೭೪೦. ಬರಿಗೈಯಲ್ಲಿ ಒಳಹೊಕ್ಕಾಗಲೇ ಅವನ ನಡಿಗೆ ೬೦ ಅಡಿ. ೩೬೦ ಅಡಿ ಉದ್ದದ ಓಣಿಯನ್ನು ದಾಟಲು ಅವನಿಗೆ ಆರು ಸರದಿ, ಒಂದು ಪಂಜು, ದೈತ್ಯನಿಗಾಗಿ ಮೂರು ದಾಳ. ನಿಧಿ ದೊರೆಯಿತೆನ್ನೋಣ. ಅರುವತ್ತು ನಾಣ್ಯಗಳವರೆಗೆ ಚಿಂತೆಯಿಲ್ಲ. ಅರುವತ್ತೊಂದನೆಯದನ್ನು ಚೀಲಕ್ಕೆ ಹಾಕಿದೊಡನೆ ನಡಿಗೆ ೩೦ ಅಡಿಗೆ ಇಳಿಯುತ್ತದೆ. ಅದೇ ಓಣಿಯಲ್ಲಿ ಹಿಂದಿರುಗಲು ಹನ್ನೆರಡು ಸರದಿ, ಎರಡು ಪಂಜು, ಆರು ದಾಳ. ಗಂಟೆಗೊಮ್ಮೆ ತೆಗೆದುಕೊಳ್ಳಬೇಕಾದ ವಿಶ್ರಾಂತಿಯ ಸರದಿಯನ್ನು ಇಲ್ಲಿ ಗಣಿಸಿಲ್ಲ. ಮೂರು ದಾಳಗಳಲ್ಲಿ ಒಮ್ಮೆಯಾದರೂ ದೈತ್ಯನು ಎದುರಾಗುವ ಸಂಭವ ನೂರಕ್ಕೆ ೪೨ ಇದ್ದುದು ಆರು ದಾಳಗಳಲ್ಲಿ ಸುಮಾರು ೬೭ಕ್ಕೆ ಏರುತ್ತದೆ. ಒಂದು ನಾಣ್ಯದ ಆಸೆ ಕಾಲವನ್ನು ತಿನ್ನುತ್ತದೆ, ಕಾಲ ಬೆಳಕನ್ನು ತಿನ್ನುತ್ತದೆ. ಪಟ್ಟಿಯಲ್ಲಿ ಎಷ್ಟು ಪಂಜುಗಳಿವೆ ಎಂಬುದನ್ನು ಆಟಗಾರನು ಈಗ ತಾನಾಗಿಯೇ ಎಣಿಸುತ್ತಾನೆ; ಸೂತ್ರಧಾರನು ಹೇಳಬೇಕಾದುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಯೋಧನು ಎರಡನೆಯ ಮೆಟ್ಟಿಲನ್ನೇರಲು ೨,೦೦೦ ಅಂಕಗಳು ಬೇಕು. ಮೈಮೇಲಿನ ೭೪೦ನ್ನು ಕಳೆದರೆ ಅವನು ಹೊರಬಲ್ಲದ್ದು ೮೬೦ ನಾಣ್ಯ ಮಾತ್ರ. ಒಂದೇ ಪಯಣದಲ್ಲಿ ಗುರಿ ಮುಟ್ಟುವಂತಿಲ್ಲ. ತಾಮ್ರದ ನಾಣ್ಯವೂ ಚಿನ್ನದಷ್ಟೇ ತೂಗುತ್ತದೆ, ಬೆಲೆ ಮಾತ್ರ ನೂರರಲ್ಲೊಂದು. ಸಾವಿರ ತಾಮ್ರದ ನಾಣ್ಯ ಹೊತ್ತು ಬೆನ್ನು ಬಾಗಿಸಿದವನಿಗೆ ದೊರೆಯುವುದು ಹತ್ತು ಅಂಕ. ರತ್ನವೊಂದರ ತೂಕವಾದರೋ ಒಂದೇ ನಾಣ್ಯ. ಹೊಸಬರು ಕಂಡಕಂಡದ್ದನ್ನೆಲ್ಲ ತುಂಬಿಕೊಳ್ಳುತ್ತಾರೆ. ನಾಲ್ಕು ಸಲ ಆಡಿದವರು ತಾಮ್ರದ ರಾಶಿಯನ್ನು ಕಾಲಿನಿಂದ ಸರಿಸಿ, ಅದರ ಅಡಿಯಲ್ಲಿ ರತ್ನವಿದೆಯೇ ಎಂದು ಹುಡುಕುತ್ತಾರೆ.

ಬೆನ್ನಟ್ಟಿ ಬರುವ ದೈತ್ಯನಿಂದ ತಪ್ಪಿಸಿಕೊಳ್ಳುವ ನಿಯಮವೂ ಹೊರೆಗೇ ಸಂಬಂಧಿಸಿದೆ. ಬುದ್ಧಿಯುಳ್ಳ ಶತ್ರುವಿನ ಮುಂದೆ ನಿಧಿಯನ್ನೂ ಬುದ್ಧಿಯಿಲ್ಲದ ಮೃಗದ ಮುಂದೆ ಆಹಾರವನ್ನೂ ಚೆಲ್ಲಿ ಓಡಬಹುದು. ಆರು ಮುಖದ ದಾಳದಲ್ಲಿ ಮೂರರವರೆಗೆ ಬಿದ್ದರೆ ಶತ್ರು ನಿಂತು ಅದನ್ನು ಆಯ್ದುಕೊಳ್ಳುತ್ತದೆ. ಅದುವರೆಗೆ ಹೆಣಗಾಡಿ ಹೊತ್ತದ್ದು ಚೆಲ್ಲಿದ ಕ್ಷಣದಲ್ಲಿ ಪ್ರಾಣದ ಬೆಲೆಯಾಗುತ್ತದೆ, ಅರ್ಧದಷ್ಟು ಸಲವಾದರೂ.

ಆದರೆ ಈ ಲೆಕ್ಕಗಳೆಲ್ಲಕ್ಕಿಂತ ತೀಕ್ಷ್ಣವಾದ ಒಂದು ಸಾಲು ೧೯೭೪ರ ಕೋಷ್ಟಕದಲ್ಲಿದೆ. ಕವಚ, ಗುರಾಣಿ, ಖಡ್ಗ, ಚಿಲ್ಲರೆ ಸಾಮಾನುಗಳ ಜೊತೆಯಲ್ಲಿಯೇ ಅಲ್ಲಿ ‘ಮನುಷ್ಯ’ ಎಂಬ ಬಾಬೂ ಇದೆ: ಸರಾಸರಿ ತೂಕ ೧,೭೫೦. ಮನುಷ್ಯನನ್ನು ಸಾಮಾನುಗಳ ಪಟ್ಟಿಯಲ್ಲಿ ಸೇರಿಸಿದ್ದು ಮೊದಲ ನೋಟಕ್ಕೆ ವಿಕಾರವಾಗಿ ತೋರಬಹುದು. ಉಪಯೋಗ ತಿಳಿದಾಗ ಹಾಗೆನಿಸದು. ಇಬ್ಬರು ಯೋಧರು ನೆಲಮಾಳಿಗೆಯ ಆಳದಲ್ಲಿದ್ದಾರೆ. ಒಬ್ಬನು ಗಾಯಗೊಂಡು ಮೂರ್ಛೆ ಹೋಗಿದ್ದಾನೆ. ಇನ್ನೊಬ್ಬನ ಮೈಮೇಲಿನ ಭಾರ ೭೫೦, ೧೫೦, ೫೦, ೮೦; ಒಟ್ಟು ೧,೦೩೦. ೩,೦೦೦ದ ಮಿತಿಯಲ್ಲಿ ಉಳಿದದ್ದು ೧,೯೭೦. ಬಿದ್ದ ಗೆಳೆಯನ ತೂಕ ೧,೭೫೦ ಆದರೂ ಅವನ ಕವಚದ ೭೫೦ ಸೇರಿದರೆ ೨,೫೦೦. ಕವಚವನ್ನು ಬಿಚ್ಚಿ ಎಸೆಯದೆ ಅವನನ್ನು ಎತ್ತಲಾಗದು. ಎಸೆದ ಮೇಲೆಯೂ ಎತ್ತಿದವನ ಚೀಲದಲ್ಲಿ ೨೨೦ ನಾಣ್ಯಗಳಿಗಿಂತ ಹೆಚ್ಚು ಉಳಿಯುವಂತಿಲ್ಲ. ಇಡೀ ರಾತ್ರಿ ಹೆಣಗಿ ಕೂಡಿಸಿದ ನಿಧಿಯೊಂದು ಕಡೆ, ಗೆಳೆಯನೊಂದು ಕಡೆ. ತೂಕದ ಲೆಕ್ಕವಿಲ್ಲದ ಮೇಜಿನಲ್ಲಿ ಎರಡನ್ನೂ ಒಂದೇ ಮಾತಿನಲ್ಲಿ ಹೊತ್ತು ತಂದುಬಿಡುತ್ತಾರೆ. ಅಲ್ಲಿ ಗೆಳೆತನಕ್ಕೆ ಪರೀಕ್ಷೆಯೇ ಇಲ್ಲ. ಲೆಕ್ಕವಿರುವ ಮೇಜಿನಲ್ಲಿ ನಾಣ್ಯಗಳನ್ನು ನೆಲಕ್ಕೆ ಸುರಿದು ಗೆಳೆಯನನ್ನು ಹೆಗಲಿಗೇರಿಸಿಕೊಂಡವನು ಏನೋ ಒಂದನ್ನು ನಿಜವಾಗಿ ಕೊಟ್ಟಿದ್ದಾನೆ. ಹೊರೆಯ ನಿಯಮವನ್ನು ಬೇಸರದ ಗುಮಾಸ್ತಗಿರಿಯೆಂದು ತಳ್ಳಿಹಾಕುವವರು ಈ ಒಂದು ಸನ್ನಿವೇಶವನ್ನು ಗಮನಕ್ಕೆ ತಂದುಕೊಳ್ಳಬೇಕು.

ಹೊರಡುವ ಮುನ್ನ ಏನನ್ನು ಕಟ್ಟಿಕೊಳ್ಳಬೇಕೆಂಬುದೂ ಇದೇ ನಿಯಮದ ಇನ್ನೊಂದು ಮುಖ. ಯುಗಾದಿಯ ಕಾಲದಲ್ಲಿ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಉತ್ತರ ಕರ್ನಾಟಕದ ಭಕ್ತರಿಗೆ ಈ ವಿವೇಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಹೊದಿಕೆ. ಆಟದ ಅಂಗಡಿಯಲ್ಲಿಯೂ ಎರಡು ಬಗೆಯ ಬುತ್ತಿ ದೊರೆಯುತ್ತದೆ. ಒಂದು ವಾರದ ಸಾಧಾರಣ ಬುತ್ತಿಗೆ ಐದು ಚಿನ್ನದ ನಾಣ್ಯ. ಕೆಡದಂತೆ ಸಂಸ್ಕರಿಸಿದ ಬುತ್ತಿಗೆ ಹದಿನೈದು. ಐವತ್ತು ಅಡಿಯ ಹಗ್ಗ, ಒಂದು ಡಜನ್ ಕಬ್ಬಿಣದ ಮೊಳೆ, ನೆಲವನ್ನು ತಟ್ಟಿ ನೋಡಲು ಹತ್ತಡಿಯ ಗಳು. ಈ ಗಳುವಿನ ತೂಕ ಹೆಚ್ಚಿಲ್ಲ, ತೊಡಕು ಹೆಚ್ಚು. ತಿರುವುಮುರುವಾದ ಓಣಿಯಲ್ಲಿ ಅದನ್ನು ಹಿಡಿದು ನಡೆಯುವುದೇ ಒಂದು ಸಾಹಸ. ೧೯೭೮ರ ನಿಯಮಪುಸ್ತಕವು ಇದನ್ನು ಗಮನಿಸಿ, ಹೊರೆಯೆಂದರೆ ತೂಕ ಮಾತ್ರವಲ್ಲ, ಗಾತ್ರವೂ ಹೌದೆಂದು ಎಚ್ಚರಿಸಿತು. ತಾವು ಹೊರಲಾರದ್ದನ್ನು ಹೊರಲು ಕೂಲಿಯಾಳುಗಳನ್ನೂ ಹೇಸರಗತ್ತೆಗಳನ್ನೂ ಗೊತ್ತುಮಾಡಿಕೊಳ್ಳಬಹುದು. ಆದರೆ ಆಳು ಬರಿಯ ಬೆನ್ನಲ್ಲ. ಅವನ ಧೈರ್ಯಕ್ಕೂ ನಿಷ್ಠೆಗೂ ಆಟದಲ್ಲಿ ಅಂಕಿಯುಂಟು. ಅವನನ್ನು ಮುಂದೆ ದೂಡಿ ತಾವು ಹಿಂದೆ ನಿಲ್ಲುವ ಒಡೆಯರನ್ನು ಬಿಟ್ಟು ಅವನು ಹೊರೆಯನ್ನೆಸೆದು ಓಡುತ್ತಾನೆ. ಅವನ ಚೀಲದಲ್ಲಿಯೇ ಪಂಜುಗಳಿದ್ದರೆ ಒಡೆಯರ ಗತಿಯನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಗುಣಗಳಿದ್ದರೂ ಬಹುಸಂಖ್ಯೆಯ ಮೇಜುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲವೆಂಬುದು ಸತ್ಯ. ಕಾರಣ ಸ್ಪಷ್ಟವಾಗಿದೆ. ಒಂದು ಬಾಣ ಬಿಟ್ಟಾಗ, ಒಂದು ತುತ್ತು ತಿಂದಾಗ, ಒಂದು ನಾಣ್ಯ ಸೇರಿದಾಗ ಪ್ರತಿಸಲವೂ ಕೂಡಿ ಕಳೆಯುವ ತಾಳ್ಮೆ ಯಾರಿಗಿದೆ? ಯುದ್ಧವು ಪರಾಕಾಷ್ಠೆಯಲ್ಲಿರುವಾಗ ಒಬ್ಬನು ತಲೆ ತಗ್ಗಿಸಿ ಸಂಕಲನದಲ್ಲಿ ಮುಳುಗಿದರೆ ರಸಭಂಗವಾಗುವುದು ಸಹಜ. ಈ ತೊಡಕಿನಿಂದ ಪಾರಾಗಲು ಆಟವೇ ಒಂದು ಮಾಯೆಯ ಚೀಲವನ್ನು ಒದಗಿಸಿತು. ೨೦೧೪ರ ಐದನೆಯ ಆವೃತ್ತಿಯಲ್ಲಿ ಅದು ೫೦೦ ಪೌಂಡು ಸಾಮಾನನ್ನು ನುಂಗಿದರೂ ತಾನು ೧೫ ಪೌಂಡು ಮಾತ್ರ ತೂಗುತ್ತದೆ. ದ್ರೌಪದಿಯ ಅಕ್ಷಯಪಾತ್ರೆಗೆ ದಿನಕ್ಕೆ ಒಂದು ಮಿತಿಯಾದರೂ ಇದ್ದಿತು. ಅವಳ ಊಟವಾದ ಮೇಲೆ ಅದು ಬರಿದು. ಆ ಮಿತಿಯಿಂದಲೇ ದೂರ್ವಾಸರ ಕಥೆ ಹುಟ್ಟಿದ್ದು. ಮಿತಿಯೇ ಕಾಣದಷ್ಟು ದೊಡ್ಡ ಚೀಲದಿಂದ ಕಥೆ ಹುಟ್ಟುವುದು ಕಷ್ಟ.

ಅದೇ ಆವೃತ್ತಿಯ ಸಾಮಾನ್ಯ ನಿಯಮವೂ ಉದಾರವಾಗಿದೆ. ಬಲದ ಅಂಕಿಯನ್ನು ಹದಿನೈದರಿಂದ ಗುಣಿಸಿದರೆ ಬರುವಷ್ಟು ಪೌಂಡುಗಳನ್ನು ಪಾತ್ರವು ಹೊರಬಹುದು, ನಡಿಗೆಯಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಬಲ ೧೦ ಇರುವ ಸಾಧಾರಣ ಮನುಷ್ಯನಿಗೆ ೧೫೦ ಪೌಂಡು, ಎಂದರೆ ೬೮ ಕಿಲೋ. ೫೦ ಕಿಲೋದ ಸಿಮೆಂಟು ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು, ಮೇಲೆ ಇನ್ನೂ ೧೮ ಕಿಲೋ ಹೇರಿಕೊಂಡು ದಿನವಿಡೀ ಚುರುಕಾಗಿ ನಡೆಯುವ ಈ ‘ಸಾಧಾರಣ’ ಮನುಷ್ಯನನ್ನು ಕಂಡರೆ ಮಂಡಿಯ ಹಮಾಲರೂ ಬೆರಗಾದಾರು. ಬಲದ ಐದರಷ್ಟು ಮೀರಿದೊಡನೆ ನಡಿಗೆ ತಗ್ಗುವ ಪರ್ಯಾಯ ನಿಯಮವೊಂದನ್ನೂ ಅಲ್ಲಿಯೇ ಕೊಟ್ಟಿದ್ದರು. ಲೆಕ್ಕದ ತೊಂದರೆಯಿಂದಾಗಿ ಅದನ್ನು ಬಳಸಿದವರು ವಿರಳ. ಮಿತಿ ತೀರ ಎತ್ತರದಲ್ಲಿದ್ದರೆ ಅದು ಇಲ್ಲದಂತೆಯೇ. ತೀರ ಸೂಕ್ಷ್ಮವಾಗಿದ್ದರೆ ಯಾರೂ ಪಾಲಿಸುವುದಿಲ್ಲ. ಹೊರೆಯ ನಿಯಮದ ಇತಿಹಾಸವೆಂದರೆ ಈ ಎರಡು ತಪ್ಪುಗಳ ನಡುವಣ ದಾರಿಯನ್ನು ಅರಸಿದ ಇತಿಹಾಸ.

ಆ ದಾರಿ ಇತ್ತೀಚೆಗೆ ಬಹುಮಟ್ಟಿಗೆ ದೊರೆತಿದೆಯೆನ್ನಬಹುದು. ತೂಕವನ್ನು ಬಿಟ್ಟು ‘ಮನೆ’ಗಳನ್ನು ಎಣಿಸುವುದೇ ಅದು. ಚೌಕಾಬಾರದ ಮಣೆಯಲ್ಲಿ ಕಾಯಿ ಕೂಡುವ ಚೌಕವನ್ನು ಮನೆಯೆನ್ನುವಂತೆ, ಪಾತ್ರದ ಹಾಳೆಯಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಮನೆ. ೨೦೨೦ರಲ್ಲಿ ಐಸಾಕ್ ವಿಲಿಯಮ್ಸ್ ರಚಿಸಿದ ‘ಮೌಸ್‌ರಿಟ್ಟರ್’ ಇದರ ಅತ್ಯಂತ ಸೊಗಸಾದ ನಿದರ್ಶನ. ಅಲ್ಲಿನ ಸಾಹಸಿಗಳು ಇಲಿಗಳು. ಇಲಿಯ ಹಾಳೆಯಲ್ಲಿ ಹತ್ತು ಮನೆಗಳಿವೆ: ಕೈಗಳಿಗೆ ಎರಡು, ಮೈಗೆ ಎರಡು, ಚೀಲಕ್ಕೆ ಆರು. ಸಾಮಗ್ರಿಗಳ ಚಿತ್ರವುಳ್ಳ ಕಾಗದದ ಚೂರುಗಳನ್ನು ಕತ್ತರಿಸಿ ಆ ಮನೆಗಳ ಮೇಲೆ ಜೋಡಿಸುತ್ತಾರೆ. ದೊಡ್ಡ ವಸ್ತುವಿನ ಚೂರು ಎರಡು ಮನೆಗಳನ್ನು ಆಕ್ರಮಿಸುತ್ತದೆ. ಸಂಕಲನವಿಲ್ಲ, ವ್ಯವಕಲನವಿಲ್ಲ, ಚೂರಿಗೆ ಜಾಗವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಂಟು ವರ್ಷದ ಮಗುವೂ ಇದನ್ನು ನೋಡಿದೊಡನೆ ತಿಳಿಯಬಲ್ಲದು.

ಇದಕ್ಕಿಂತ ಗಮನಾರ್ಹವಾದದ್ದು ಇನ್ನೊಂದಿದೆ. ಗಾಯ, ಹಸಿವು, ಬಳಲಿಕೆ ಇವುಗಳಿಗೂ ಆ ಆಟದಲ್ಲಿ ಕಾಗದದ ಚೂರುಗಳುಂಟು. ಹಸಿದ ಇಲಿಯ ಹಾಳೆಯ ಮೇಲೆ ಹಸಿವಿನ ಚೂರು ಬಂದು ಒಂದು ಮನೆಯನ್ನು ಹಿಡಿಯುತ್ತದೆ. ಅಲ್ಲಿದ್ದ ವಸ್ತು ಹೊರಬೀಳಬೇಕಾಗುತ್ತದೆ. ಹಸಿದವನು ಕಡಿಮೆ ಹೊರುತ್ತಾನೆಂಬ ಅನುಭವಸತ್ಯವನ್ನು ಸೂತ್ರವಿಲ್ಲದೆ ಕೋಷ್ಟಕವಿಲ್ಲದೆ ಇಷ್ಟು ನೇರವಾಗಿ ಹೇಳಿದ ನಿಯಮ ಇನ್ನೊಂದಿರಲಾರದು. ಬುತ್ತಿಯ ಚೂರನ್ನು ಭಾರವೆಂದು ಎಸೆದವನ ಹಾಳೆಯಲ್ಲಿ ಅದೇ ಮನೆಗೆ ನಾಳೆ ಹಸಿವು ಬಂದು ಕೂಡುತ್ತದೆ. ಹಳಗನ್ನಡದ ಪೊಱೆ ಮತ್ತು ಪೊರೆ ಒಂದೇ ಚೌಕದಲ್ಲಿ ಸಂಧಿಸಿದಂತಾಯಿತು. ಯೋಹಾಯ್ ಗಾಲ್ ಅವರ ‘ಕೇರ್ನ್’ (೨೦೨೦) ಎಂಬ ಆಟವೂ ಹತ್ತು ಮನೆಗಳನ್ನೇ ಇರಿಸಿಕೊಂಡು ಬಳಲಿಕೆಗೆ ಅವುಗಳಲ್ಲಿ ಪಾಲು ಕೊಡುತ್ತದೆ. ಲ್ಯೂಕ್ ಕ್ರೇನ್ ಮತ್ತು ಥಾರ್ ಒಲಾವ್ಸ್‌ರುಡ್ ಅವರ ‘ಟಾರ್ಚ್‌ಬೇರರ್’ (೨೦೧೩), ಎಂದರೆ ಪಂಜುಧಾರಿ, ತಲೆ, ಮುಂಡ, ನಡುಪಟ್ಟಿ, ಕೈ ಎಂದು ದೇಹದ ಅವಯವಗಳಿಗೇ ಮನೆಗಳನ್ನು ಹಂಚಿ, ಕತ್ತಲೆ ಮತ್ತು ಹಸಿವುಗಳನ್ನೇ ಮುಖ್ಯ ಶತ್ರುಗಳನ್ನಾಗಿ ಮಾಡಿತು.

ಬಾಣ, ಎಣ್ಣೆ, ಬುತ್ತಿಗಳಂತಹ ಖರ್ಚಾಗುವ ವಸ್ತುಗಳಿಗೆ ಡೇವಿಡ್ ಬ್ಲ್ಯಾಕ್ ಅವರ ‘ದಿ ಬ್ಲ್ಯಾಕ್ ಹ್ಯಾಕ್’ (೨೦೧೬) ಒಂದು ಉಪಾಯವನ್ನು ಸೂಚಿಸಿತು. ಬತ್ತಳಿಕೆಯಲ್ಲಿ ಎಷ್ಟು ಬಾಣಗಳಿವೆ ಎಂದು ಬರೆಯುವ ಬದಲು ಒಂದು ದಾಳದ ಹೆಸರನ್ನು ಬರೆಯುತ್ತಾರೆ. ಬಳಸಿದ ನಂತರ ಆ ದಾಳವನ್ನು ಎಸೆದಾಗ ಒಂದು ಅಥವಾ ಎರಡು ಬಿದ್ದರೆ ದಾಳವು ಒಂದು ಮೆಟ್ಟಿಲು ಕಿರಿದಾಗುತ್ತದೆ: ಎಂಟು ಮುಖದ್ದು ಆರಕ್ಕೆ, ಆರರದು ನಾಲ್ಕಕ್ಕೆ, ನಾಲ್ಕರಲ್ಲಿಯೂ ಹಾಗೆಯೇ ಬಿದ್ದರೆ ಬತ್ತಳಿಕೆ ಬರಿದು. ಸರಾಸರಿ ಲೆಕ್ಕದಲ್ಲಿ ಎಂಟು ಮುಖದ ದಾಳ ನಾಲ್ಕು ಬಳಕೆ, ಆರರದು ಮೂರು, ನಾಲ್ಕರದು ಎರಡು, ಒಟ್ಟು ಒಂಬತ್ತು. ಆದರೆ ದುರದೃಷ್ಟವಂತನಿಗೆ ಮೂರೇ ಬಳಕೆಯಲ್ಲಿ ಮುಗಿಯಬಹುದು. ಲೆಕ್ಕ ಹಗುರಾಯಿತು, ಆತಂಕ ಉಳಿಯಿತು. ದೋಷವೂ ಇಲ್ಲದಿಲ್ಲ: ಎಣಿಸಿ ಇಟ್ಟುಕೊಂಡ ಮುನ್ನೆಚ್ಚರಿಕೆಯವನಿಗೆ ಇಲ್ಲಿ ವಿಶೇಷ ಫಲವಿಲ್ಲ, ಅವನ ಬುತ್ತಿಯನ್ನೂ ದಾಳವೇ ತಿನ್ನುತ್ತದೆ.

ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದಿ ಡಾರ್ಕ್’ (೨೦೧೭) ಇನ್ನೂ ಸ್ವತಂತ್ರ ಮಾರ್ಗವನ್ನು ಹಿಡಿದಿದೆ. ಅಲ್ಲಿನ ಪಾತ್ರಗಳು ನಗರದ ಕಳ್ಳರು. ಕನ್ನಕ್ಕೆ ಹೊರಡುವಾಗ ಹೊರೆ ಹಗುರವೋ ಸಾಧಾರಣವೋ ಭಾರವೋ ಎಂಬುದನ್ನು ಮಾತ್ರ ಹೇಳಬೇಕು. ಮಿತಿಗಳು ಕ್ರಮವಾಗಿ ೩, ೫, ೬. ಚೀಲದಲ್ಲಿ ಏನಿದೆಯೆಂಬುದನ್ನು ಮುಂದೆ ಅಗತ್ಯ ಬಿದ್ದಾಗ ಹೇಳಿದರೆ ಸಾಕು. ಗೋಡೆ ಎದುರಾದಾಗ ಹಗ್ಗವಿದೆಯೆನ್ನಬಹುದು. ಆದರೆ ಮಿತಿಯಲ್ಲಿ ಅಷ್ಟು ವ್ಯಯವಾಗುತ್ತದೆ. ಇದು ಮೋಸವಲ್ಲವೇ ಎಂಬ ಆಕ್ಷೇಪಕ್ಕೆ ಸಮಾಧಾನವಿದೆ: ಆಟಗಾರನು ಗುಮಾಸ್ತನೋ ಉಪಾಧ್ಯಾಯನೋ ಆಗಿರಬಹುದು, ಪಾತ್ರ ಮಾತ್ರ ನುರಿತ ಕಳ್ಳ; ಏನು ತರಬೇಕೆಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ. ಸಮಾಧಾನವು ಒಪ್ಪತಕ್ಕದ್ದಾದರೂ ಸಂಪೂರ್ಣವಲ್ಲ. ನುರಿತ ಕಳ್ಳನೂ ಮರೆಯುತ್ತಾನೆ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕಲು ಬಂದು, ಅಳತೆಯ ದಾರವನ್ನು ಮರೆತುದನ್ನು ಅರಿತು, ಮೈಮೇಲಿದ್ದ ಜನಿವಾರವನ್ನೇ ಅಳತೆಗೆ ಬಳಸುತ್ತಾನೆ. ದಾರವನ್ನು ಮರೆಯದಿದ್ದರೆ ಸಂಸ್ಕೃತ ನಾಟಕದ ಆ ಹಾಸ್ಯ ಹುಟ್ಟುತ್ತಲೇ ಇರಲಿಲ್ಲ. ಚೀಲದಲ್ಲಿ ಇಲ್ಲದ್ದು ಇಲ್ಲವೆಂದೇ ಆದಾಗ ಇರುವುದರಿಂದ ಕೆಲಸ ಸಾಧಿಸುವ ಬುದ್ಧಿ ಎಚ್ಚರಗೊಳ್ಳುತ್ತದೆ. ಹಳೆಯ ಪಟ್ಟಿಯ ಪಕ್ಷಪಾತಿಗಳು ಇಂದಿಗೂ ಹೇಳುವುದು ಇದನ್ನೇ, ಮತ್ತು ಅವರ ಮಾತಿನಲ್ಲಿ ಸತ್ತ್ವವಿದೆ.

ಯಾವ ಪದ್ಧತಿಯನ್ನು ಹಿಡಿದರೂ ಮೇಜಿನಲ್ಲಿ ಅದು ನಡೆಯುವಂತೆ ಮಾಡಲು ಹೆಚ್ಚು ಶ್ರಮ ಬೇಕಿಲ್ಲ. ಎಲ್ಲರೂ ಎಲ್ಲವನ್ನೂ ಎಣಿಸುವುದಕ್ಕಿಂತ, ಮಠದ ದಾಸೋಹಕ್ಕೆ ಉಗ್ರಾಣಿಯೊಬ್ಬನಿರುವಂತೆ, ತಂಡಕ್ಕೊಬ್ಬನು ಪಂಜು, ಬುತ್ತಿ, ನಿಧಿಗಳ ಲೆಕ್ಕವನ್ನು ವಹಿಸಿಕೊಳ್ಳುವುದು ಲೇಸು. ಕ್ಷಣಕ್ಷಣಕ್ಕೂ ಕೂಡಿಸದೆ, ಹೊರಡುವಾಗ ಒಮ್ಮೆ, ನಿಧಿ ದೊರೆತಾಗ ಒಮ್ಮೆ ಲೆಕ್ಕ ನೋಡಿದರೆ ಸಾಕು. ಯುದ್ಧದ ನಡುವೆ ಬೇಡ. ಪೆನ್ಸಿಲಿನಲ್ಲಿಯೇ ಬರೆಯಬೇಕು, ಏಕೆಂದರೆ ಪಟ್ಟಿಯ ಆಯುಷ್ಯ ಒಂದು ರಾತ್ರಿ. ವಸ್ತುವಿನ ಹೆಸರಿನ ಪಕ್ಕದಲ್ಲಿ ಅದು ಇರುವ ಸ್ಥಳವನ್ನೂ ಬರೆಯುವುದು ಅವಶ್ಯ: ಚೀಲದ ತಳದಲ್ಲಿಯೋ, ನಡುಪಟ್ಟಿಯಲ್ಲಿಯೋ, ಆಳಿನ ಬೆನ್ನಿನ ಮೇಲೋ. ಹಗ್ಗ ಇದೆಯೆಂಬುದಕ್ಕಿಂತ ಬೀಳುತ್ತಿರುವವನಿಗೆ ಅದು ಕೈಗೆಟುಕುವಂತಿದೆಯೇ ಎಂಬುದು ಮುಖ್ಯ.

ಎಲ್ಲಕ್ಕಿಂತ ಮೊದಲು ಕೈಗಳನ್ನು ಎಣಿಸಬೇಕು. ತೂಕದ ಸೂಕ್ಷ್ಮಗಳನ್ನೆಲ್ಲ ಬಿಟ್ಟ ಮೇಜಿನಲ್ಲಿಯೂ ಮನುಷ್ಯನಿಗೆ ಕೈಗಳು ಎರಡೇ. ಖಡ್ಗವೊಂದು, ಗುರಾಣಿಯೊಂದು, ಮೂರನೆಯದಾದ ಪಂಜಿಗೆ ಕೈಯಿಲ್ಲ. ಯಾರಾದರೊಬ್ಬನು ಗುರಾಣಿಯನ್ನು ಬೆನ್ನಿಗೆ ಹಾಕಿ ಪಂಜನ್ನು ಹಿಡಿಯಬೇಕು, ಎಂದರೆ ಉಳಿದವರ ಕಣ್ಣಿಗಾಗಿ ತನ್ನ ಎದೆಯನ್ನು ತೆರೆದಿಡಬೇಕು. ಬಹುತೇಕ ತಂಡಗಳು ಇದನ್ನು ಮರೆತೇ ಅರ್ಧ ನೆಲಮಾಳಿಗೆಯನ್ನು ನಡೆದಿರುತ್ತವೆ. ಕದವು ಒಡೆದು ಮೊದಲ ದೈತ್ಯ ಒಳನುಗ್ಗಿದಾಗ, ಎಲ್ಲರೂ ಆಯುಧ ಹಿರಿದೆವೆಂದು ಕೂಗಿದ ಮೇಲೆ, ಅನುಭವಸ್ಥನಾದ ಸೂತ್ರಧಾರನು ದಾಳವನ್ನು ಕೈಗೆತ್ತಿಕೊಳ್ಳುವ ಮುನ್ನ ಮೆಲ್ಲಗೆ ಒಂದೇ ಒಂದು ಪ್ರಶ್ನೆಯನ್ನು ಕೇಳುತ್ತಾನೆ: “ಪಂಜು ಯಾರ ಕೈಯಲ್ಲಿದೆ?”